ಹೊಂಬುಜದ ಬಿಂಬ, ಮಗಳ ಡ್ರಾಯಿಂಗ್ ಪುಸ್ತಕ: ಕಲೆಯಲ್ಲಿ ಬೆತ್ತಲೆ ದೇಹದ ಇತಿಹಾಸ

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು. ಮಗಳು ಚಿತ್ರಕಲಾ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಈ ಸಲ ಕೊನೆ ಕೊಯ್ಲಿನ ಹೊತ್ತಿಗೆ ಮನೆಗೆ ಬಂದಾಗ ಅವಳ ಡ್ರಾಯಿಂಗ್ ಪುಸ್ತಕದಲ್ಲಿ ಬಟ್ಟೆಯಿಲ್ಲದ ಗಂಡಸರ, ಹೆಂಗಸರ ಹತ್ತಾರು ಚಿತ್ರಗಳನ್ನು ಕಂಡೆವು. ಅದು ಪಾಠದ ಭಾಗ ಎನ್ನುತ್ತಾಳೆ. ನನ್ನ ತಾಯಿ ಎರಡು ದಿನ ಅವಳೊಡನೆ ಮಾತು ಬಿಟ್ಟರು. ‘ವರ್ಷಾ ವರ್ಷಾ ಹೊಂಬುಜಕ್ಕೆ ಹೋಗಿ ಬೆತ್ತಲೆ ನಿಂತ ಸ್ವಾಮಿಗೆ ಕೈಮುಗಿದು ಬರ್ತೀರಲ್ಲ ಅಜ್ಜಿ’ ಎಂದು ಮಗಳು ಕೇಳಿದ್ದಕ್ಕೆ, ‘ದೇವರ ಮೈಯೂ ಮನುಷ್ಯರ ಮೈಯೂ ಒಂದೇ ಏನೇ?’ ಎಂದರು. ನನಗೆ ಇಬ್ಬರ ಮಾತೂ ಸರಿ ಎನಿಸಿತು. ಕಲೆಯಲ್ಲಿ ಬೆತ್ತಲೆ ದೇಹವನ್ನು ತೋರಿಸುವುದು ಎಲ್ಲಿಂದ ಬಂತು? ಅದು ಪಶ್ಚಿಮದವರಿಂದ ನಾವು ಕಲಿತದ್ದೇ? ದಯವಿಟ್ಟು ವಿವರಿಸಿ.

ಉತ್ತರ: ನಿಮ್ಮ ತಾಯಿಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಶಿವಮೊಗ್ಗದಲ್ಲಿ ಬಹಳ ವರ್ಷ ಕಲಾ ಇತಿಹಾಸದ ಪಾಠ ಹೇಳಿದ ನನಗೆ, ಈ ವಿಷಯದ ಕುರಿತು ಅದಕ್ಕಿಂತ ನೇರವಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿದ ನೆನಪಿಲ್ಲ. ದೇವರ ಮೈಯೂ ಮನುಷ್ಯರ ಮೈಯೂ ಒಂದೇ ಅಲ್ಲ ಎಂಬುದು ನಿಜ. ಆದರೆ ಕಲ್ಲಿನಲ್ಲಾಗಲಿ, ಬಣ್ಣದಲ್ಲಾಗಲಿ ದೇವರಿಗೆ ಮೈ ಕೊಡಬೇಕಾದಾಗ ಮನುಷ್ಯ ತನ್ನ ಮೈಯನ್ನೇ ನೋಡಿಕೊಳ್ಳಬೇಕಾಯಿತು. ಆ ಮೈಗೆ ಬಟ್ಟೆ ಬೇಕೇ ಬೇಡವೇ, ಬೇಡವಾದರೆ ಏಕೆ ಬೇಡ ಎಂಬುದಕ್ಕೆ ಒಂದೊಂದು ನಾಡು ಒಂದೊಂದು ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟುಕೊಂಡಿತು. ಆದ್ದರಿಂದ ಬಟ್ಟೆಯಿಲ್ಲದ ಚಿತ್ರವನ್ನೋ ಮೂರ್ತಿಯನ್ನೋ ಕಂಡಾಗ, ಬಟ್ಟೆಯ ಸ್ಥಾನದಲ್ಲಿ ಅಲ್ಲಿ ಏನಿದೆ ಎಂದು ಕೇಳುವುದು ನನ್ನ ಅಭ್ಯಾಸ. ಕೆಲವು ಕಡೆ ತಪಸ್ಸು ಇರುತ್ತದೆ, ಕೆಲವು ಕಡೆ ಒಡವೆ, ಕೆಲವು ಕಡೆ ಅಳತೆ, ಕೆಲವು ಕಡೆ ಪುರಾಣದ ಒಂದು ನೆಪ. ಏನೂ ಇಲ್ಲದ ಕಡೆಯಲ್ಲಿ ಜಗಳ ಹುಟ್ಟಿದೆ.

ಈ ಭೇದಗಳು ಕನ್ನಡಕ್ಕೆ ಹೊಸವಲ್ಲ ಎಂಬುದಕ್ಕೆ ನಮ್ಮ ಮಾತುಗಳೇ ಸಾಕ್ಷಿ. ಬರಿಮೈ ಎಂದರೆ ತೋಟದಲ್ಲಿ ದುಡಿಯುವವನ ಮೈ ಕಣ್ಣಮುಂದೆ ಬರುತ್ತದೆ, ಅದರಲ್ಲಿ ನಾಚಿಕೆಯ ಸುಳಿವಿಲ್ಲ. ಬೆತ್ತಲೆ ಎಂಬ ಮಾತಿನಲ್ಲಿ ಯಾರೋ ನೋಡುತ್ತಿದ್ದಾರೆ ಎಂಬ ಮುಜುಗರವಿದೆ. ನಗ್ನ ಎಂಬುದು ಪುಸ್ತಕದ ಮಾತು. ದಿಗಂಬರ ಎಂದಾಗ ದಿಕ್ಕುಗಳೇ ಬಟ್ಟೆಯಾಗುತ್ತವೆ, ಅಲ್ಲಿ ಬೆತ್ತಲೆಯೆಂಬುದೇ ಉಳಿಯುವುದಿಲ್ಲ. ಜೈನರು ಬಳಸುವ ಜಾತರೂಪ ಎಂಬ ಪದಕ್ಕೆ ಹುಟ್ಟಿದಾಗ ಇದ್ದ ರೂಪ ಎಂದರ್ಥ. ಬಂಧನದಿಂದ ಬಿಡುಗಡೆಯಾಗುವುದನ್ನು ಹೇಳುವ ನಿರ್ವಾಣ ಎಂಬ ಪದವನ್ನೇ ಬಟ್ಟೆಯಿಲ್ಲದ ಸ್ಥಿತಿಗೂ ಬಳಸಿದ ಭಾಷೆ ನಮ್ಮದು. ಇಷ್ಟು ಪದಗಳು ಬೇಕಾದವೆಂದರೆ ಇಷ್ಟು ಬಗೆಯ ನೋಟಗಳು ಇಲ್ಲಿ ಇದ್ದವು ಎಂದೇ ತಿಳಿಯಬೇಕು.

ಇನ್ನು ಜೈನ ಕ್ಷೇತ್ರವಾದ ಹೊಂಬುಜ. ಮುಂದಿನ ಸಲ ಹೋದಾಗ ಒಂದು ಸಂಗತಿಯನ್ನು ಗಮನಿಸಿ. ಒಂದೇ ಕ್ಷೇತ್ರದಲ್ಲಿ ಪದ್ಮಾವತಿ ಅಮ್ಮನವರಿಗೆ ಸೀರೆ, ಒಡವೆ, ಹೂವಿನ ಅಲಂಕಾರವಿರುತ್ತದೆ. ತೀರ್ಥಂಕರರಿಗೆ ನೂಲಿನೆಳೆಯೂ ಇರುವುದಿಲ್ಲ. ಎರಡು ಮೂರ್ತಿಗಳಿಗೂ ನಿಮ್ಮ ತಾಯಿ ಅದೇ ಭಕ್ತಿಯಿಂದ ಕೈಮುಗಿಯುತ್ತಾರೆ. ಅಮ್ಮನವರು ಈ ಲೋಕದೊಳಗಿದ್ದು ಭಕ್ತರ ಕಷ್ಟಸುಖ ಕೇಳುವ ಯಕ್ಷಿ, ಆದ್ದರಿಂದ ಲೋಕದ ಉಡುಗೆ. ತೀರ್ಥಂಕರರು ಲೋಕವನ್ನು ದಾಟಿದವರು, ಅವರಿಗೆ ಉಡುಗೆಯನ್ನು ತೊಡಿಸುವುದೆಂದರೆ ಅವರು ಬಿಟ್ಟದ್ದನ್ನು ಮತ್ತೆ ಹೊರಿಸಿದಂತೆ. ಶಾಂತರ ಅರಸರ ಕಾಲದ, ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿ ಇರುವ ಆ ಊರಿನಲ್ಲಿ, ಉಟ್ಟ ದೇವತೆ ಮತ್ತು ಉಡದ ಜಿನ ಅಕ್ಕಪಕ್ಕದಲ್ಲಿದ್ದೇ ಇಷ್ಟು ಶತಮಾನ ಕಳೆದಿವೆ.

ಜೈನರೊಳಗೂ ಇದು ಚರ್ಚೆಯಿಲ್ಲದೆ ನಡೆದ ವಿಷಯವಲ್ಲ. ಕುಷಾಣರ ಕಾಲದ ಮಥುರೆಯ ಜಿನಬಿಂಬಗಳು ಬಟ್ಟೆಯಿಲ್ಲದವು. ಗುಜರಾತಿನ ಅಕೋಟದಲ್ಲಿ ಸಿಕ್ಕ, ಸುಮಾರು ಐದನೆಯ ಶತಮಾನದ ಋಷಭನಾಥನ ಕಂಚಿನ ಮೂರ್ತಿಯಲ್ಲಿ ಸೊಂಟದ ಕೆಳಗೆ ಧೋತರದ ನೆರಿಗೆ ಕಾಣಿಸುತ್ತದೆ. ಅಲ್ಲಿಂದಾಚೆಗೆ ಶ್ವೇತಾಂಬರರ ಬಿಂಬ ಒಂದು ದಾರಿ ಹಿಡಿಯಿತು, ದಿಗಂಬರರ ಬಿಂಬ ಇನ್ನೊಂದು ದಾರಿ ಹಿಡಿಯಿತು. ಕರ್ನಾಟಕ ದಿಗಂಬರ ಪರಂಪರೆಯ ನೆಲವಾದ್ದರಿಂದ ಬಟ್ಟೆಯಿಲ್ಲದ ನಿಲುವನ್ನು ಕಲ್ಲಿನಲ್ಲಿ ಮೂಡಿಸುವ ವಿದ್ಯೆ ಇಲ್ಲಿ ಪರಾಕಾಷ್ಠೆಗೆ ಏರಿತು.

ಬಾದಾಮಿಯ ನಾಲ್ಕನೆಯ ಗುಹೆಯ ಬಾಹುಬಲಿಯಿಂದ ಹಿಡಿದು ಶ್ರವಣಬೆಳಗೊಳದಲ್ಲಿ ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಚಾವುಂಡರಾಯ ನಿಲ್ಲಿಸಿದ ಸುಮಾರು 57 ಅಡಿಯ ಮೂರ್ತಿ, ನಮ್ಮ ಆಗುಂಬೆ ಘಾಟಿ ಇಳಿದರೆ ಸಿಗುವ ಕಾರ್ಕಳದ 1432ರ ಮೂರ್ತಿ, 1604ರ ವೇಣೂರಿನ ಮೂರ್ತಿ ಇವೆಲ್ಲವುಗಳ ಮುಂದೆ ನಿಂತು ದೇಹವನ್ನು ನಿಧಾನವಾಗಿ ನೋಡಬೇಕು. ಮಹಾಬಲಿಷ್ಠನಾದ ವೀರನೊಬ್ಬನ ಮೂರ್ತಿ ಅದು. ಆದರೂ ಎಲ್ಲಿಯೂ ಒಂದು ಸ್ನಾಯು ಬಿಗಿದಿಲ್ಲ, ಒಂದು ನರ ಉಬ್ಬಿಲ್ಲ. ತೋಳುಗಳು ಮಂಡಿಯ ಕಡೆಗೆ ಸಡಿಲವಾಗಿ ಇಳಿದಿವೆ. ಎರಡು ಪಾದಗಳ ಮೇಲೂ ಭಾರ ಸಮವಾಗಿ ಬಿದ್ದಿದೆ. ಶಿಲ್ಪಿಗಳು ಇದನ್ನು ಸಮಭಂಗ ಎನ್ನುತ್ತಾರೆ, ಜೈನರು ಕಾಯೋತ್ಸರ್ಗ, ಅಂದರೆ ಕಾಯವನ್ನು ಬಿಟ್ಟುಕೊಟ್ಟು ನಿಲ್ಲುವುದು, ಎನ್ನುತ್ತಾರೆ. ಕಾಲ ಬಳಿ ಹುತ್ತ ಬೆಳೆದಿದೆ, ಮಾಧವಿ ಬಳ್ಳಿ ತೊಡೆಯನ್ನೂ ತೋಳನ್ನೂ ಸುತ್ತಿದೆ. ಅವನು ಬಿಟ್ಟ ಬಟ್ಟೆಯ ಜಾಗದಲ್ಲಿ ಕಾಡು ತಾನಾಗಿ ಹಬ್ಬಿದೆ. ಮಳೆಗಾಲದಲ್ಲಿ ಕಂಬವನ್ನೂ ಗೋಡೆಯನ್ನೂ ಬಿಡದೆ ಬಳ್ಳಿ ಹತ್ತುವುದನ್ನು ಕಂಡ ಮಲೆನಾಡಿನವರಿಗೆ ಆ ನಿಲುವು ಎಷ್ಟು ಕಾಲದ್ದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಬಟ್ಟೆಯ ಸ್ಥಾನದಲ್ಲಿ ಒಡವೆ ಬಂದ ಪರಂಪರೆಗೂ ನಮ್ಮ ಜಿಲ್ಲೆ ತವರು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ತ್ರಿಪುರಾಂತಕೇಶ್ವರ ಗುಡಿಯ ತಳದ ಪಟ್ಟಿಕೆಗಳಲ್ಲಿ ಪಂಚತಂತ್ರದ ಕಥೆಗಳ ಜೊತೆಗೆ ಮಿಥುನ ಶಿಲ್ಪಗಳೂ ಇವೆ. ಅವು ಅಂಗೈ ಅಗಲದ ಸಣ್ಣ ಕೆತ್ತನೆಗಳಾದ್ದರಿಂದ ಎಷ್ಟೋ ಜನ ನೋಡದೆಯೇ ಪ್ರದಕ್ಷಿಣೆ ಮುಗಿಸುತ್ತಾರೆ. ಇದೇ ಬಳ್ಳಿಗಾವಿಯ ಶಿಲ್ಪಿ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿಗೆ ಹೋಗಿ, 1117ರಲ್ಲಿ ಆರಂಭವಾದ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಹಲವರನ್ನು ಕೆತ್ತಿ ತಮ್ಮ ಹೆಸರು ಬರೆದಿಟ್ಟರು. ನಾವು ಶಿಲಾಬಾಲಿಕೆಯರೆಂದು ಕರೆಯುವ ಆ ಮೂರ್ತಿಗಳನ್ನು ಬೆತ್ತಲೆ ಎನ್ನಬಹುದೇ? ಎದೆಯ ಮೇಲೆ ಬಟ್ಟೆಯ ಗುರುತು ಕಾಣದು. ಆದರೆ ಹಾರ, ತೋಳ್ಬಳೆ, ಮೇಖಲೆ, ಕಾಲ್ಗೆಜ್ಜೆ ಇವುಗಳ ನಡುವೆ ಬರಿಯ ಮೈ ಎಂದು ಹೇಳುವಷ್ಟು ಜಾಗ ಉಳಿದಿಲ್ಲ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು. ಮಣಿಯ ಹಿಂದೆ ಮಣಿಯನ್ನು ಬಿಡಿಸುವ ಆಸೆ ಅಂಥ ಕಲ್ಲನ್ನು ಹಿಡಿದ ಕೈಗೆ ಬಂದರೆ ಆಶ್ಚರ್ಯವಿಲ್ಲ. ಒಬ್ಬ ಮದನಿಕೆಯ ಸೀರೆಯ ಸೆರಗನ್ನು ಮಂಗವೊಂದು ಎಳೆಯುತ್ತಿದೆ, ಅವಳು ಕೋಲೆತ್ತಿ ಗದರಿಸುತ್ತಿದ್ದಾಳೆ. ಜಾರುವ ಸೆರಗನ್ನು ತೋರಿಸಲು ಸೆರಗು ಇರಬೇಕಷ್ಟೆ; ಉಟ್ಟದ್ದಕ್ಕೂ ಉಡದ್ದಕ್ಕೂ ನಡುವಿನ ಆ ಕ್ಷಣವೇ ಶಿಲ್ಪಿಗೆ ಬೇಕಾದ ವಸ್ತು.

ಈ ದೇಹಗಳು ಯಾರದೋ ಒಬ್ಬಳನ್ನು ಎದುರು ನಿಲ್ಲಿಸಿಕೊಂಡು ಕೆತ್ತಿದವಲ್ಲ ಎಂಬುದು ಇಲ್ಲಿ ಮುಖ್ಯ. ನಮ್ಮ ಶಿಲ್ಪಶಾಸ್ತ್ರದ ಅಳತೆಗೆ ತಾಲ ಎಂದು ಹೆಸರು, ಅದು ಮುಖದ ಉದ್ದ. ಒಂದು ತಾಲಕ್ಕೆ 12 ಅಂಗುಲ. ದೊಡ್ಡ ದೇವತೆಗಳಿಗೆ ಉತ್ತಮ ದಶತಾಲ, ಅಂದರೆ 124 ಅಂಗುಲ; ಇತರರಿಗೆ ಅವರವರ ಸ್ಥಾನಕ್ಕೆ ತಕ್ಕಂತೆ ಕಡಿಮೆ. ಎದೆ, ನಾಭಿ, ಮಂಡಿ ಎಲ್ಲಿ ಬರಬೇಕೆಂಬುದು ಉಳಿ ಹಿಡಿಯುವ ಮೊದಲೇ ನಿಶ್ಚಯವಾಗಿರುತ್ತದೆ. ಹೀಗಾಗಿ ಆ ಮದನಿಕೆ ಯಾವ ಊರಿನ ಯಾರ ಮಗಳು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ನೋಡುವವನ ಕಣ್ಣಿಗೂ ಆ ಮೈಗೂ ನಡುವೆ ಶಾಸ್ತ್ರ ಒಂದು ತೆರೆಯನ್ನು ಹಿಡಿದಿರುತ್ತದೆ. ‘ದೇವರ ಮೈ ಬೇರೆ’ ಎಂದು ನಿಮ್ಮ ತಾಯಿ ಹೇಳಿದರಲ್ಲ, ಅದಕ್ಕೆ ಶಿಲ್ಪಿಗಳ ಭಾಷೆಯಲ್ಲಿ ಆಧಾರವಿದೆ.

ಇವೆರಡಕ್ಕೂ ಸೇರದ ಬೆತ್ತಲೆಗಳೂ ನಮ್ಮಲ್ಲಿವೆ. ನಾಯಿಯೊಡನೆ, ತಲೆಬುರುಡೆ ಹಿಡಿದು ನಿಂತ ಭೈರವ ಬಟ್ಟೆಯಿಲ್ಲದೆ ಇರುವುದು ಭಯ ಹುಟ್ಟಿಸಲೆಂದು. ಐಹೊಳೆ, ಬಾದಾಮಿಯ ಸುತ್ತಮುತ್ತ ಸಿಕ್ಕ, ತಲೆಯ ಜಾಗದಲ್ಲಿ ಅರಳಿದ ತಾವರೆಯಿರುವ, ಹೆರಿಗೆಯ ಭಂಗಿಯಲ್ಲಿ ಮಂಡಿ ಮಡಿಸಿದ ದೇವಿಯ ಮೂರ್ತಿಗಳು ಫಲವಂತಿಕೆಗೆ ಸಂಬಂಧಿಸಿದವು. ಅವಳಿಗೆ ಲಜ್ಜಾಗೌರಿ ಎಂದು ನಂತರದವರು ಇಟ್ಟ ಹೆಸರಿನಲ್ಲಿ ಲಜ್ಜೆ ಸೇರಿಕೊಂಡಿದೆ. ಮೂರ್ತಿಯಲ್ಲಿ ಅದರ ಲಕ್ಷಣ ಯಾವುದೂ ಇಲ್ಲ. ಆಸ್ಟ್ರಿಯಾದ ವಿಲ್ಲೆನ್‌ಡಾರ್ಫ್‌ನಲ್ಲಿ 1908ರಲ್ಲಿ ಸಿಕ್ಕ, ಕೇವಲ 11 ಸೆಂಟಿಮೀಟರ್ ಎತ್ತರದ, 25,000 ವರ್ಷಗಳಿಗೂ ಹಳೆಯದಾದ ಸುಣ್ಣದ ಕಲ್ಲಿನ ಸ್ತ್ರೀಮೂರ್ತಿಗೂ ಮುಖವಿಲ್ಲ. ಎದೆ, ಹೊಟ್ಟೆ, ತೊಡೆಗಳಷ್ಟೇ ತುಂಬಿಕೊಂಡಿವೆ. ಮೊಹೆಂಜೊದಾರೊದಲ್ಲಿ 1926ರಲ್ಲಿ ಸಿಕ್ಕ ಕಂಚಿನ ಹುಡುಗಿಗೆ ಮಾತ್ರ ಮುಖವಿದೆ, ಅದೂ ಯಾರನ್ನೂ ಲೆಕ್ಕಿಸದ ಮುಖ. ಮೈಮೇಲೆ ಕೊರಳ ಹಾರ ಮತ್ತು ತೋಳಿನ ತುಂಬ ಬಳೆ ಬಿಟ್ಟರೆ ಬೇರೇನಿಲ್ಲ. ಅಂತೂ ‘ಇದು ಪಶ್ಚಿಮದವರಿಂದ ಕಲಿತದ್ದೇ?’ ಎಂಬ ನಿಮ್ಮ ಪ್ರಶ್ನೆಗೆ, ಬೆತ್ತಲೆ ದೇಹವನ್ನು ಕಲೆಯಲ್ಲಿ ತೋರಿಸುವುದನ್ನು ನಾವು ಯಾರಿಂದಲೂ ಕಲಿಯಬೇಕಾಗಿರಲಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಜೀವಂತ ವ್ಯಕ್ತಿಯೊಬ್ಬರನ್ನು ಎದುರಿಗೆ ನಿಲ್ಲಿಸಿಕೊಂಡು ಅಭ್ಯಾಸ ಮಾಡುವ ತರಗತಿಯ ಪದ್ಧತಿ ಮಾತ್ರ ಅಲ್ಲಿಂದ ಬಂದದ್ದು. ಅದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಗ್ರೀಕರಲ್ಲಿ ಮೊದಲು ಬಟ್ಟೆ ಕಳಚಿದ್ದು ಗಂಡು. ಕ್ರಿಸ್ತಪೂರ್ವ 600ರ ಸುಮಾರಿನ ಅವರ ತರುಣರ ಮೂರ್ತಿಗಳು ಎಡಗಾಲು ಮುಂದಿಟ್ಟು, ಮುಷ್ಟಿ ಬಿಗಿದು, ಬೆತ್ತಲೆ ನಿಂತಿವೆ. ಅದೇ ಕಾಲದ ತರುಣಿಯರ ಮೂರ್ತಿಗಳಿಗೆ ಮೈತುಂಬ ಉಡುಗೆ. ಅವರ ಗಂಡಸರು ವ್ಯಾಯಾಮವನ್ನೂ ಪಂದ್ಯಗಳನ್ನೂ ಬೆತ್ತಲೆಯಾಗಿಯೇ ಆಡುತ್ತಿದ್ದರು. ಈಗ ನಾವು ಊರೂರಲ್ಲಿ ಹೇಳುವ ಜಿಮ್ ಎಂಬ ಮಾತು ಬೆತ್ತಲೆ ಎಂಬರ್ಥದ ಗ್ರೀಕ್ ಪದದಿಂದಲೇ ಬಂದದ್ದು. ತಪಸ್ವಿಯ ಮೈ ನಮ್ಮ ಶಿಲ್ಪಿಗೆ ಆದರ್ಶವಾದಂತೆ ಪಳಗಿದ ಆಟಗಾರನ ಮೈ ಅವರ ಶಿಲ್ಪಿಗೆ ಆದರ್ಶವಾಯಿತು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಪಾಲಿಕ್ಲೀಟಸ್ ಎಂಬ ಶಿಲ್ಪಿ ದೇಹದ ಭಾರವನ್ನು ಒಂದು ಕಾಲಿನ ಮೇಲೆ ಹಾಕಿ, ಆ ಬದಿಯ ಸೊಂಟ ಮೇಲೇರಿ ಭುಜ ತಗ್ಗುವಂತೆ ಮಾಡಿ ನಿಂತ ಮೂರ್ತಿಗೆ ಚಲನೆ ತಂದ. ನಮ್ಮ ತ್ರಿಭಂಗಿಯಲ್ಲೂ ಸೊಂಟ ಒಂದು ಬದಿಗೆ ವಾಲುತ್ತದೆ. ಆದರೆ ಆ ವಾಲುವಿಕೆ ನೃತ್ಯದ್ದು, ಗ್ರೀಕರದು ನಡೆಯುತ್ತಾ ನಿಂತವನದು.

ಹೆಣ್ಣಿನ ಬೆತ್ತಲೆ ಮೂರ್ತಿ ಅಲ್ಲಿ ಕಾಣಿಸಿಕೊಳ್ಳಲು ಇನ್ನೂ ನೂರು ವರ್ಷ ಬೇಕಾಯಿತು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಪ್ರಾಕ್ಸಿಟೆಲೀಸ್ ಎಂಬ ಶಿಲ್ಪಿ ಪ್ರೇಮದೇವತೆ ಆಫ್ರೊಡೈಟಿಯ ಎರಡು ಮೂರ್ತಿಗಳನ್ನು, ಒಂದನ್ನು ಉಡುಗೆಯೊಡನೆ, ಇನ್ನೊಂದನ್ನು ಉಡುಗೆಯಿಲ್ಲದೆ, ಮಾಡಿ ಮಾರಾಟಕ್ಕೆ ಇಟ್ಟನಂತೆ. ಕಾಸ್ ದ್ವೀಪದವರು ಮರ್ಯಾದೆಗೆ ತಕ್ಕದ್ದೆಂದು ಉಟ್ಟ ದೇವಿಯನ್ನು ಕೊಂಡರು, ಉಳಿದದ್ದನ್ನು ಕ್ನೈಡಸ್ ಊರಿನವರು ಕೊಂಡರು. ಅದನ್ನು ನೋಡಲು ಜನ ಸಮುದ್ರ ದಾಟಿ ಬರತೊಡಗಿದರು; ಅದನ್ನು ತನಗೆ ಕೊಟ್ಟರೆ ಊರಿನ ಸಾಲವನ್ನೆಲ್ಲ ತೀರಿಸುತ್ತೇನೆಂದು ರಾಜನೊಬ್ಬ ಹೇಳಿದರೂ ಊರಿನವರು ಒಪ್ಪಲಿಲ್ಲ ಎಂದು ರೋಮಿನ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಮೂಲ ಮೂರ್ತಿ ಉಳಿದಿಲ್ಲ. ರೋಮನ್ನರ ಕಾಲದ ನಕಲುಗಳಲ್ಲಿ, ಸ್ನಾನಕ್ಕೆ ಹೊರಟ ದೇವಿ ಒಂದು ಕೈಯಿಂದ ಮೈ ಮರೆಮಾಡಿಕೊಳ್ಳುವಂತೆ ನಿಂತಿದ್ದಾಳೆ. ನನ್ನ ದೃಷ್ಟಿಯಲ್ಲಿ ಪಶ್ಚಿಮದ ಕಲೆಯ ಬಹು ದೊಡ್ಡ ತಿರುವು ಆ ಕೈ. ಬಾಹುಬಲಿಯ ಕೈಗೂ ಮದನಿಕೆಯ ಕೈಗೂ ಮುಚ್ಚಿಕೊಳ್ಳುವ ಕೆಲಸ ಇಲ್ಲ, ಏಕೆಂದರೆ ತಮ್ಮನ್ನು ಯಾರೋ ಕದ್ದು ನೋಡುತ್ತಿದ್ದಾರೆ ಎಂಬ ಭಾವ ಅವರಿಗಿಲ್ಲ. ಕ್ನೈಡಸ್‌ನ ದೇವಿಯ ಕೈಯಿಂದಾಗಿ ಅವಳ ಎದುರಿಗೆ ನಿಂತವನು ನೋಡಬಾರದ್ದನ್ನು ನೋಡುವವನಾಗುತ್ತಾನೆ. ಬೆತ್ತಲೆ ಎಂಬ ಕನ್ನಡ ಮಾತಿನ ಮುಜುಗರ ಕಲ್ಲಿಗೆ ಬಂದದ್ದು ಅಲ್ಲಿ.

ಕ್ರೈಸ್ತ ಮತ ಹರಡಿದ ಮೇಲೆ ಈ ನಾಚಿಕೆ ಪಾಪದ ಗುರುತಾಯಿತು. ಶತಮಾನಗಳ ಕಾಲ ಬಟ್ಟೆಯಿಲ್ಲದ ದೇಹ ಎಂದರೆ ಆದಾಮ ಮತ್ತು ಈವ್, ಇಲ್ಲವೇ ನರಕಕ್ಕೆ ಬಿದ್ದವರು. ಫ್ಲಾರೆನ್ಸಿನ ಬ್ರಾಂಕಾಚ್ಚಿ ಪ್ರಾರ್ಥನಾಲಯದಲ್ಲಿ 1420ರ ದಶಕದಲ್ಲಿ ಮಸಾಚ್ಚೊ ಬರೆದ ಆದಾಮ ಮುಖ ಮುಚ್ಚಿಕೊಂಡು, ಈವ್ ಬಾಯಿ ತೆರೆದು ಅಳುತ್ತಾ, ತೋಟದಿಂದ ಹೊರಬೀಳುತ್ತಾರೆ. ಆ ಚಿತ್ರದ ಮೇಲೆ ಸುಮಾರು 1680ರಲ್ಲಿ ಯಾರೋ ಎಲೆಗಳನ್ನು ಬರೆದರು. 1980ರ ದಶಕದಲ್ಲಿ ಚಿತ್ರವನ್ನು ಶುದ್ಧಗೊಳಿಸಿದಾಗ ಆ ಎಲೆಗಳನ್ನು ತೆಗೆದರು. ಮೈಕೆಲೆಂಜೆಲೊ 1504ರಲ್ಲಿ ಮುಗಿಸಿದ, ಬೈಬಲ್ಲಿನ ವೀರ ದಾವೀದನ 17 ಅಡಿ ಎತ್ತರದ ಮೂರ್ತಿಗೂ ಆ ಕಾಲದಲ್ಲೇ ಎಲೆಗಳ ಮರೆ ಕಟ್ಟಿದ್ದರು. ಅವನೇ 1541ರಲ್ಲಿ ಮುಗಿಸಿದ ‘ಅಂತಿಮ ತೀರ್ಪು’ ಎಂಬ ಭಿತ್ತಿಚಿತ್ರದ ಬೆತ್ತಲೆ ಮೈಗಳಿಗೆ ಬಟ್ಟೆ ಬರೆಯಲು 1565ರಲ್ಲಿ ಚರ್ಚು ಅವನ ಗೆಳೆಯನಾಗಿದ್ದ ದಾನಿಯೇಲೆ ದ ವೊಲ್ತೆರಾ ಎಂಬ ಚಿತ್ರಕಾರನನ್ನೇ ನೇಮಿಸಿತು. ಆ ಕೆಲಸಕ್ಕಾಗಿ ಜನ ಅವನಿಗೆ ಚಡ್ಡಿ ತೊಡಿಸುವವನೆಂದು ಅಡ್ಡಹೆಸರಿಟ್ಟರು. ಅಲ್ಲಿ ಕೂಡ ಬೆತ್ತಲೆ ಕಲೆ ಎಂದೂ ಸಲೀಸಾಗಿ ನಡೆದು ಬಂದದ್ದಲ್ಲ ಎಂಬುದು ನಿಮ್ಮ ಮನೆಯವರಿಗೆ ತಿಳಿದಿರಲಿ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಗೆ 1857ರಲ್ಲಿ ಬಂದ ದಾವೀದನ ಗಾರೆಯ ನಕಲಿಗೂ, ರಾಜಮನೆತನದವರು ನೋಡಲು ಬಂದಾಗ ತಗಲಿಸಲೆಂದು, ಒಂದು ಗಾರೆಯ ಎಲೆಯನ್ನು ಮಾಡಿಟ್ಟಿದ್ದರು.

ಮುಚ್ಚುವ ಇನ್ನೊಂದು ಉಪಾಯವೆಂದರೆ ಪುರಾಣದ ಹೆಸರು. ರೋಮನ್ನರ ಪ್ರೇಮದೇವತೆ ವೀನಸ್ ಎಂದು ಹೆಸರು ಕೊಟ್ಟರೆ ಅರಮನೆಯ ಮಲಗುವ ಕೋಣೆಯಲ್ಲೂ ಬೆತ್ತಲೆ ಹೆಣ್ಣಿನ ಚಿತ್ರ ಮರ್ಯಾದೆಯಿಂದ ತೂಗಬಹುದಾಗಿತ್ತು. ಈ ನೆಪ ಎಷ್ಟು ತೆಳುವಾಗಿತ್ತು ಎಂಬುದು 1860ರ ದಶಕದ ಪ್ಯಾರಿಸ್ಸಿನಲ್ಲಿ ಬಯಲಾಯಿತು. ಕಬಾನೆಲ್ ಎಂಬ ಚಿತ್ರಕಾರ 1863ರಲ್ಲಿ ಸಮುದ್ರದ ಅಲೆಯ ಮೇಲೆ ಮೈಚೆಲ್ಲಿ ಮಲಗಿದ ವೀನಸ್ಸನ್ನು ಪ್ರದರ್ಶಿಸಿದಾಗ ಚಕ್ರವರ್ತಿಯೇ ಅದನ್ನು ಕೊಂಡ. ಅದೇ ವರ್ಷ ಎದುವಾರ್ ಮಾನೆ ಬರೆದು 1865ರಲ್ಲಿ ಪ್ರದರ್ಶಿಸಿದ ‘ಒಲಿಂಪಿಯಾ’ ಚಿತ್ರದಲ್ಲೂ ಮಲಗಿದ ಬೆತ್ತಲೆ ಹೆಣ್ಣೇ ಇರುವುದು. ಆದರೆ ಅವಳು ದೇವಿಯಲ್ಲ, ಆ ನಗರದ ಒಬ್ಬ ಹೆಂಗಸು, ಮತ್ತು ನೋಡುವವನನ್ನು ತಿರುಗಿ ನೇರವಾಗಿ ನೋಡುತ್ತಾಳೆ. ಜನ ರೊಚ್ಚಿಗೆದ್ದರು, ಚಿತ್ರಕ್ಕೆ ಕಾವಲು ಹಾಕಬೇಕಾಯಿತು. ಎರಡರಲ್ಲಿ ಹೆಚ್ಚು ಮೈ ತೋರಿಸುವುದು ಕಬಾನೆಲ್‌ನ ಚಿತ್ರವೇ. ಮಾನೆಯ ಚಿತ್ರದಲ್ಲಿ ಕಳಚಿದ್ದು ಆ ನೆಪವೊಂದೇ. ಕೈಯಿಂದ ಮರೆಮಾಡಿಕೊಂಡು ಎರಡು ಸಾವಿರ ವರ್ಷ ನಿಂತಿದ್ದವಳು ಕಣ್ಣೆತ್ತಿ ನೋಡಿದಳು, ಅಷ್ಟೆ.

ಈಗ ನಿಮ್ಮ ಮಗಳ ತರಗತಿಗೆ ಬರುತ್ತೇನೆ. ಯುರೋಪಿನ ಕಲಾಶಾಲೆಗಳಲ್ಲಿ ಜೀವಂತ ಮಾದರಿಯನ್ನು ನೋಡಿ ಬರೆಯುವುದು ಕಲಿಕೆಯ ಕೊನೆಯ, ಬಹಳ ಮುಖ್ಯವಾದ ಹಂತವಾಗಿತ್ತು. ಮೊದಲು ಮುದ್ರಿತ ಚಿತ್ರಗಳನ್ನು ನೋಡಿ ಬರೆಯಬೇಕು, ಆಮೇಲೆ ಗಾರೆಯ ಮೂರ್ತಿಗಳನ್ನು, ಅದರಲ್ಲಿ ಕೈ ಪಳಗಿದ ಮೇಲೆ ಮನುಷ್ಯರನ್ನು. ಪುರಾಣದ, ಇತಿಹಾಸದ ದೊಡ್ಡ ಚಿತ್ರಗಳನ್ನು ಬರೆಯುವ ಅರ್ಹತೆ ಬರುತ್ತಿದ್ದದ್ದು ಈ ತರಗತಿಯಿಂದ, ಮತ್ತು ಈ ತರಗತಿಯ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಸ್ಥಾಪನೆಯಾದಾಗ ಸ್ಥಾಪಕ ಸದಸ್ಯರಲ್ಲಿ ಆಂಜೆಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್ ಎಂಬ ಇಬ್ಬರು ಮಹಿಳೆಯರಿದ್ದರು. ಕೆಲವೇ ವರ್ಷಗಳ ನಂತರ ಜೊಹಾನ್ ಜೊಫಾನಿ ಬರೆದ ಆ ಸದಸ್ಯರ ಗುಂಪುಚಿತ್ರದಲ್ಲಿ ಗಂಡಸರೆಲ್ಲ ಬೆತ್ತಲೆ ಮಾದರಿಯ ಸುತ್ತ ಸೇರಿದ್ದಾರೆ. ಈ ಇಬ್ಬರು ಮಾತ್ರ ಗೋಡೆಗೆ ತೂಗುಹಾಕಿದ ಎರಡು ಭಾವಚಿತ್ರಗಳಾಗಿ ಇದ್ದಾರೆ. ತಮ್ಮದೇ ಸಂಸ್ಥೆಯ ಕೋಣೆಯೊಳಗೆ ಕಾಲಿಡುವಂತಿರಲಿಲ್ಲ. ಆ ಅಕಾಡೆಮಿಯ ವಿದ್ಯಾರ್ಥಿನಿಯರಿಗೆ ಅರೆಬಟ್ಟೆಯ ಮಾದರಿಯನ್ನು ನೋಡಿ ಬರೆಯಲು ಅನುಮತಿ ಸಿಕ್ಕಿದ್ದು 1893ರಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾ ಅಕಾಡೆಮಿಯಲ್ಲಿ ಥಾಮಸ್ ಈಕಿನ್ಸ್ ಎಂಬ ಮೇಷ್ಟರು ವಿದ್ಯಾರ್ಥಿನಿಯರೂ ಇದ್ದ ತರಗತಿಯಲ್ಲಿ ಗಂಡು ಮಾದರಿಯ ಮೈಮೇಲಿನ ತುಂಡುಬಟ್ಟೆಯನ್ನು ತೆಗೆಸಿದ್ದಕ್ಕಾಗಿ 1886ರಲ್ಲಿ ಕೆಲಸ ಕಳೆದುಕೊಂಡರು. ಪ್ಯಾರಿಸ್ಸಿನ ಪ್ರಸಿದ್ಧ ಎಕೋಲ್ ದೆ ಬೋಜಾರ್ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲು ಆರಂಭಿಸಿದ್ದು 1897ರಲ್ಲಿ.

ಆ ಬಾಗಿಲು ತೆರೆದ ಮೂವತ್ತು ಚಿಲ್ಲರೆ ವರ್ಷಗಳಿಗೆ ಅದೇ ಶಾಲೆಗೆ ಒಬ್ಬ ಭಾರತೀಯ ಹುಡುಗಿ ಸೇರಿದಳು. 1913ರಲ್ಲಿ ಹುಟ್ಟಿ 1941ರಲ್ಲೇ ತೀರಿಕೊಂಡ ಅಮೃತಾ ಶೇರ್‌ಗಿಲ್ ಅಲ್ಲಿ ಕಲಿತದ್ದು ಮುಖ್ಯವಾಗಿ ಮನುಷ್ಯ ದೇಹವನ್ನು. ಅವರು 1934ರಲ್ಲಿ ತಮ್ಮನ್ನೇ ತಾಹಿತಿ ದ್ವೀಪದ ಹೆಣ್ಣಿನಂತೆ, ಎದೆಯ ಮೇಲೆ ಬಟ್ಟೆಯಿಲ್ಲದೆ, ಬರೆದುಕೊಂಡ ಚಿತ್ರದಲ್ಲಿ ನೋಡುವವಳೂ ನೋಡಿಸಿಕೊಳ್ಳುವವಳೂ ಒಬ್ಬಳೇ. ಮುಂದೆ ಭಾರತಕ್ಕೆ ಮರಳಿ ಅವರು ಬರೆದ ಹಳ್ಳಿಯ ಹೆಂಗಸರು ಮೈತುಂಬ ಉಟ್ಟವರು. ಆದರೆ ಆ ಸೀರೆಯೊಳಗೆ ದಣಿದ ಬೆನ್ನು, ಇಳಿಬಿದ್ದ ಭುಜ ಇರುವುದು ನಮಗೆ ಅರಿವಾಗುತ್ತದೆ. ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ತೋರಿಸುತ್ತಿದ್ದದ್ದು ಇದನ್ನೇ. ಉಟ್ಟ ದೇಹವನ್ನು ಸರಿಯಾಗಿ ಬರೆಯಬೇಕಾದರೆ ಉಡದ ದೇಹ ಗೊತ್ತಿರಬೇಕು. ಸೀರೆಯ ನೆರಿಗೆ ಬೀಳುವುದು ಮೂಳೆಯ ಮೇಲೆ. ಕೊರಳೆಲುಬು ಎಲ್ಲಿ ಮುಗಿಯುತ್ತದೆ, ಸೊಂಟದ ಮೂಳೆ ಎಷ್ಟು ವಾಲಿದೆ ಎಂಬುದು ತಿಳಿಯದಿದ್ದರೆ ಬರೆದ ಸೀರೆ ಹಗ್ಗಕ್ಕೆ ಒಣಹಾಕಿದಂತೆ ಕಾಣುತ್ತದೆ.

ನಮ್ಮ ದೇಶದಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ 1920ರ ಸುಮಾರಿಗೆ ಮುಖ್ಯಸ್ಥರಾಗಿದ್ದ ಗ್ಲಾಡ್‌ಸ್ಟನ್ ಸಾಲೊಮನ್ ಅವರ ಕಾಲದಲ್ಲಿ ಇಂಥ ತರಗತಿಗಳು ನೆಲೆಯೂರಿದವು. ಇಂದಿಗೂ ಅನೇಕ ಕಡೆ ಮಾದರಿಯಾಗಿ ಕೂರುವವರು ಬಟ್ಟೆ ಉಟ್ಟೇ ಇರುತ್ತಾರೆ, ಕೆಲವು ಕಡೆ ಮಾತ್ರ ಉಡದ ದೇಹದ ಅಭ್ಯಾಸ ನಡೆಯುತ್ತದೆ. ತರಗತಿ ನಡೆಯುವ ರೀತಿಯನ್ನು ಹೇಳಿದರೆ ನಿಮ್ಮ ಮನಸ್ಸಿಗೆ ಸಮಾಧಾನವಾಗಬಹುದು. ಮೊದಲು ಒಂದೆರಡು ನಿಮಿಷದ ಭಂಗಿಗಳು, ಇದ್ದಿಲಿನಲ್ಲಿ ಬರಿಯ ನಿಲುವನ್ನು ಹಿಡಿಯಲು. ಆಮೇಲೆ ಅರ್ಧ ಗಂಟೆಯ, ಗಂಟೆಯ ಭಂಗಿ. ವಿದ್ಯಾರ್ಥಿಗಳು ಪೆನ್ಸಿಲನ್ನು ಚಾಚಿದ ಕೈಯಲ್ಲಿ ಹಿಡಿದು ಅಳೆಯುತ್ತಿರುತ್ತಾರೆ, ತೂಗುಗುಂಡಿನಂತೆ ನೆಟ್ಟಗೆ ಇಳಿಯುವ ಗೆರೆಯೊಂದನ್ನು ಮನಸ್ಸಿನಲ್ಲಿ ಎಳೆದುಕೊಂಡು ತಲೆ ಯಾವ ಪಾದದ ಮೇಲೆ ಬರುತ್ತದೆ ಎಂದು ನೋಡುತ್ತಿರುತ್ತಾರೆ. ಹತ್ತು ನಿಮಿಷ ಕಳೆದ ಮೇಲೆ ಆ ಕೋಣೆಯಲ್ಲಿ ಇದ್ದಿಲು ಕಾಗದಕ್ಕೆ ಉಜ್ಜುವ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಅಲ್ಲಿ ಕುಳಿತವರಿಗೆ ಎದುರಿನ ದೇಹ ಎಷ್ಟು ಕಷ್ಟದ ಲೆಕ್ಕವಾಗಿ ಕಾಣುತ್ತದೆ ಎಂಬುದನ್ನು ಒಮ್ಮೆ ಪ್ರಯತ್ನಿಸಿದವರೇ ಬಲ್ಲರು.

ನಮ್ಮ ಜಿಲ್ಲೆಯಲ್ಲಿ ಬೆತ್ತಲೆ ಎಂಬ ಮಾತು ಬಂದರೆ ಹಿರಿಯರಿಗೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ನೆನಪಾಗುವುದು ಸಹಜ, ನಿಮ್ಮ ತಾಯಿಯವರ ಕೋಪದ ಹಿಂದೆಯೂ ಅದು ಇದ್ದಿರಬಹುದು. ಅಲ್ಲಿನ ಬೆತ್ತಲೆ ಸೇವೆಯನ್ನು 1986ರ ಘರ್ಷಣೆಯ ನಂತರ ಸರ್ಕಾರ ನಿಷೇಧಿಸಿತು. ಅದು ಸರಿಯಾದ ನಿರ್ಧಾರ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಬಡ ಹೆಣ್ಣುಮಕ್ಕಳು ಗುಂಪಿನ ಕಣ್ಣಿನ ನಡುವೆ ಬೆತ್ತಲೆ ನಡೆಯಬೇಕಾದದ್ದಕ್ಕೂ ಕಲಾಶಾಲೆಯ ಕೋಣೆಗೂ ಇರುವ ಅಂತರ ಒಪ್ಪಿಗೆಯದು. ಮಾದರಿಯಾಗುವವರು ವಯಸ್ಕರಾಗಿರಬೇಕು, ಸ್ವಂತ ಮನಸ್ಸಿನಿಂದ ಒಪ್ಪಿರಬೇಕು, ಸಂಬಳ ಪಡೆಯಬೇಕು, ಬೇಡವೆನಿಸಿದ ಕ್ಷಣದಲ್ಲಿ ಎದ್ದು ಹೋಗುವ ಸ್ವಾತಂತ್ರ್ಯ ಇರಬೇಕು, ಯಾರ ಫೋನೂ ಒಳಗೆ ಬರಬಾರದು. ನಿಮ್ಮ ಮಗಳ ಕಾಲೇಜಿನಲ್ಲಿ ಇದು ಹೇಗೆ ನಡೆಯುತ್ತದೆ ಎಂದು ನೀವು ಕೇಳುವುದಾದರೆ ಅದು ತಂದೆಯೊಬ್ಬರು ಕೇಳಬೇಕಾದ ಪ್ರಶ್ನೆಯೇ. ಇತಿಹಾಸದ ಉದ್ದಕ್ಕೂ ಮಾದರಿಯಾಗಿ ನಿಂತವರು ಹೆಚ್ಚಾಗಿ ಬಡವರು, ಮತ್ತು ಅವರ ಹೆಸರು ಬಹುಪಾಲು ಉಳಿದಿಲ್ಲ. ಒಲಿಂಪಿಯಾ ಚಿತ್ರಕ್ಕೆ ಮಾದರಿಯಾದ ವಿಕ್ಟೊರಿನ್ ಮೊರಾಂ ಸ್ವತಃ ಚಿತ್ರಕಾರ್ತಿಯಾಗಿದ್ದರೂ ಜನ ಅವರನ್ನು ನೆನೆಯುವುದು ಮಲಗಿದ ಆ ಚಿತ್ರದಿಂದಲೇ.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಮಾತು ಬಂದೇ ಬರುತ್ತದೆ. ಅಕ್ಬರ್ ಪದಮ್ಸಿ ಎಂಬ ಚಿತ್ರಕಾರರ ಎರಡು ಚಿತ್ರಗಳ ಮೇಲೆ 1954ರಲ್ಲಿ ಮುಂಬಯಿಯಲ್ಲಿ ಅಶ್ಲೀಲತೆಯ ಮೊಕದ್ದಮೆ ನಡೆದು ನ್ಯಾಯಾಲಯ ಅವರನ್ನು ನಿರ್ದೋಷಿ ಎಂದಿತು. ಸುಪ್ರೀಂ ಕೋರ್ಟು 2014ರಲ್ಲಿ, ಬೆತ್ತಲೆ ಚಿತ್ರವೆಂಬ ಒಂದೇ ಕಾರಣಕ್ಕೆ ಅದು ಅಶ್ಲೀಲವಾಗುವುದಿಲ್ಲ, ಒಟ್ಟು ಸಂದರ್ಭವನ್ನೂ ಇಂದಿನ ಸಮಾಜದ ಅಳತೆಯನ್ನೂ ನೋಡಬೇಕು ಎಂಬ ನಿಲುವು ತಾಳಿತು. ಹಳೆಯ ದೇವಾಲಯಗಳ ಶಿಲ್ಪಗಳಿಗೆ ಕಾನೂನು ಮೊದಲಿನಿಂದಲೂ ವಿನಾಯಿತಿ ಕೊಟ್ಟಿದೆ. ದೇವರ ಮೈ, ಮನುಷ್ಯರ ಮೈ ಎಂಬ ನಿಮ್ಮ ತಾಯಿಯವರ ವಿಂಗಡಣೆ ದೇಶದ ಕಾನೂನಿನಲ್ಲೂ ಇದೆ ಎಂದು ಹೇಳಿದರೆ ಅವರಿಗೆ ಸಂತೋಷವಾಗಬಹುದು.

ಆ ವಿಂಗಡಣೆಯನ್ನು ಒಪ್ಪದ ಒಬ್ಬಳು ನಮ್ಮ ಜಿಲ್ಲೆಯವಳೇ. ಶಿಕಾರಿಪುರ ತಾಲ್ಲೂಕಿನ ಉಡುತಡಿಯಿಂದ ಹನ್ನೆರಡನೆಯ ಶತಮಾನದಲ್ಲಿ ಬಟ್ಟೆ ತೊರೆದು ಹೊರಟ ಅಕ್ಕಮಹಾದೇವಿ, ಜಗವೆಲ್ಲ ಚೆನ್ನಮಲ್ಲಿಕಾರ್ಜುನನ ಕಣ್ಣಾಗಿರುವಾಗ ಮುಚ್ಚಿಟ್ಟುಕೊಳ್ಳುವ ಜಾಗ ಎಲ್ಲಿದೆ ಎಂಬ ಅರ್ಥದಲ್ಲಿ ವಚನ ನುಡಿದಳು. ತಪಸ್ವಿ ಗಂಡಿಗೆ ಸಂದ ಜಾತರೂಪವನ್ನು ಹೆಣ್ಣೊಬ್ಬಳು ತನಗೂ ಸಲ್ಲಬೇಕೆಂದು ಕೇಳಿದ ಕ್ಷಣ ಅದು. ನಮ್ಮ ಚಿತ್ರಕಾರರು ಅವಳನ್ನು ಬರೆದಾಗಲೆಲ್ಲ ನೀಳವಾದ ಕೂದಲನ್ನು ಮೈತುಂಬ ಇಳಿಬಿಟ್ಟಿದ್ದಾರೆ. ಕೇಶವೇ ಅವಳ ಉಡುಗೆ ಎಂಬ ಮಾತು ಪರಂಪರೆಯಲ್ಲೇ ಇದೆ, ನಿಜ. ಆದರೂ ಅವಳನ್ನು ಅವಳು ಹೇಳಿದಂತೆ ಬರೆಯುವ ಧೈರ್ಯ ನಮ್ಮ ಕಲೆಗೆ ಇನ್ನೂ ಬಂದಿಲ್ಲ ಎಂದು ನನಗೆ ಅನಿಸುತ್ತದೆ.

ಅಡಿಕೆ ಸುಲಿತ ಮುಗಿದ ಮೇಲೆ ನಿಮ್ಮ ತಾಯಿಯವರನ್ನೂ ಮಗಳನ್ನೂ ಕರೆದುಕೊಂಡು ಹೊಂಬುಜಕ್ಕೆ ಹೋಗಿ ಬನ್ನಿ. ಶತ್ರುವಾದ ಕಮಠ ಒಡ್ಡಿದ ಉಪಸರ್ಗಗಳ, ಅಂದರೆ ಉಪದ್ರವಗಳ, ನಡುವೆ ಅಲುಗದೆ ನಿಂತ ಪಾರ್ಶ್ವನಾಥನ ಶಿಲ್ಪದ ಮುಂದೆ ನಿಂತಾಗ, ಭಾರ ಯಾವ ಕಾಲಿನ ಮೇಲಿದೆ, ಭುಜ ಏಕೆ ಬಿಗಿದಿಲ್ಲ ಎಂದು ಮಗಳು ಅಜ್ಜಿಗೆ ತೋರಿಸಲಿ. ಅವಳ ಕೈಯಲ್ಲಿ ಆ ಡ್ರಾಯಿಂಗ್ ಪುಸ್ತಕವೂ ಇರಲಿ. ಅದರಲ್ಲಿ ಮುದುಕನೊಬ್ಬನ ಚಿತ್ರವೋ, ಹೆತ್ತ ಹೊಟ್ಟೆಯ ಹೆಂಗಸೊಬ್ಬಳ ಚಿತ್ರವೋ ಇದ್ದರೆ ಅದನ್ನು ತೆರೆದು ನಿಮ್ಮ ತಾಯಿಯವರ ಮುಂದೆ ಇಡಲು ಹೇಳಿ. ಆ ಹೊಟ್ಟೆಯ ಗೆರೆಗಳು, ಆ ಬಾಗಿದ ಬೆನ್ನು ಎಷ್ಟು ನಿಜ ಎಂಬುದನ್ನು ನಿಮಗಿಂತ, ನನಗಿಂತ ಮೊದಲು ಗುರುತಿಸುವವರು ಅವರೇ.